ಗೋಡೆಗೆ ಬಣ್ಣ ಬಳಿದರೆ ಇತಿಹಾಸ ಉಳಿಯುತ್ತಾ?

ನೇರಳೆ ಮಾರ್ಗದ ಮೆಟ್ರೋದಲ್ಲಿ ವೈಟ್‌ಫೀಲ್ಡ್ ಕಡೆ ಹೋಗಿದ್ದೀರಾ? ಹೋಗಿದ್ರೆ ಈ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತೆ. ಪಟ್ಟಂದೂರು ಅಗ್ರಹಾರ. ಬಾಗಿಲು ತೆಗೆದ ತಕ್ಷಣ ಅರ್ಧ ಬೋಗಿ ಖಾಲಿ. ಕೊರಳಲ್ಲಿ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಎಲ್ಲರೂ ಐಟಿಪಿಎಲ್ ಕಡೆ ದಾಪುಗಾಲು. ನಾನೂ ಒಂದು ಬೆಳಿಗ್ಗೆ ಅಲ್ಲಿ ಇಳಿದೆ. ಮೆಟ್ಟಿಲ ಹತ್ತಿರ ನಿಂತು ನಾಲ್ಕೈದು ಜನರನ್ನ ಕೇಳಿದೆ, "ಈ ಹೆಸರು ಯಾಕೆ ಬಂತು ಗೊತ್ತಾ?" ಒಬ್ಬ ಹುಡುಗ ನಕ್ಕು ಹೇಳಿದ, "ಸಾರ್, ಇದು ಐಟಿಪಿಎಲ್ ಸ್ಟಾಪು. ಆ ಹೆಸರು ಸುಮ್ಮನೆ ಬೋರ್ಡಿಗೆ."

ಬೋರ್ಡಿಗಾದ್ರೂ ಉಳಿಯಿತಲ್ಲ, ಅದೇ ಪುಣ್ಯ!

ಆದ್ರೆ ವೀಕ್ಷಕರೇ, ಆ ಹೆಸರು ಬೋರ್ಡಿಗೆ ಬಂದದ್ದಲ್ಲ. ಬೋರ್ಡಿಗಿಂತ ಮುಂಚೆ ಅದು ಕಲ್ಲಿನ ಮೇಲಿತ್ತು. ಕ್ರಿಸ್ತಶಕ 1043. ಚೋಳರ ಆಳ್ವಿಕೆ. ಆ ವರ್ಷದ ಶಾಸನವೊಂದು ಹೇಳುತ್ತೆ: ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಎಂಬ ನಾಯಕ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ, ತೂಬು ಇಡಿಸಿದ, ದುರ್ಗೆ, ಗಣಪತಿ, ಕ್ಷೇತ್ರಪಾಲರಿಗೆ ಗುಡಿ ಮಾಡಿಸಿದ. ಮೆಟ್ರೋ ಬಂದದ್ದು 2023ರ ಮಾರ್ಚ್‌ನಲ್ಲಿ. ಲೆಕ್ಕ ಹಾಕಿ. ಕೆರೆಗೂ ಮೆಟ್ರೋಗೂ ಸರಿಯಾಗಿ 980 ವರ್ಷದ ಅಂತರ.

ಆ ಶಾಸನ ತಮಿಳಿನಲ್ಲಿದೆ. ಅದಕ್ಕೆ ಮುಖ ತಿರುಗಿಸೋದು ಬೇಡ. ಅಪ್ಪನ ಹೆಸರು ನೋಡಿ, ಪೆರ್ಮಾಡಿ ಗಾವುಂಡ. ಗಾವುಂಡ ಅಂದ್ರೆ ನಮ್ಮ ಗೌಡ. ಮಗನ ಹೆಸರಿನಲ್ಲಿ ಚೋಳ ದೊರೆಯ ಹೆಸರು. ದೊರೆ ಬದಲಾದ, ಆಡಳಿತದ ಭಾಷೆ ಬದಲಾಯಿತು, ಮಕ್ಕಳಿಗೆ ಇಡುವ ಹೆಸರೂ ಬದಲಾಯಿತು. ಕೆರೆಯ ಅಗತ್ಯ ಮಾತ್ರ ಬದಲಾಗಲಿಲ್ಲ. ಬೆಂಗಳೂರಿನ ಪೂರ್ವ ಭಾಗದ ಚರಿತ್ರೆಯೇ ಇದು. ಇಲ್ಲಿ ನದಿ ಇಲ್ಲ, ಇರೋದು ಮಳೆ. ಅದನ್ನ ಹಿಡಿದಿಟ್ಟವನು ಊರು ಕಟ್ಟಿದ, ಊರು ಕಟ್ಟಿದವನು ಕಲ್ಲು ನಿಲ್ಲಿಸಿದ.

ಈ ಕಲ್ಲು ಯಾಕೆ ನಿಲ್ಲಿಸ್ತಿದ್ರು? ಅಲಂಕಾರಕ್ಕಲ್ಲ. ನಾಲ್ಕು ಜನ ಓಡಾಡುವ ಕಡೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಿಲ್ಲಿಸ್ತಿದ್ರು. ಕೆರೆ ಯಾರು ಕಟ್ಟಿಸಿದ್ರು, ಯಾವ ಜಮೀನು ಯಾರಿಗೆ ಕೊಟ್ಟರು, ತಪ್ಪಿದವನಿಗೆ ಏನು ಶಾಪ, ಎಲ್ಲ ಬಹಿರಂಗ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದ್ರೆ ಶಾಸನ ಅಂದ್ರೆ ಆ ಕಾಲದ ಸುದ್ದಿ. ಯಾರೂ ಡಿಲೀಟ್ ಮಾಡಲಾಗದ ಸುದ್ದಿ!

ಈಗ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಈ ಕಡೆಯ ಒಂದು ಉದ್ದನೆ ಕಾಂಪೌಂಡ್ ಗೋಡೆಗೆ ಚಿತ್ರ ಬರೆಸಿದ್ರು. ಹಂಪಿಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ದಸರಾ ಆನೆ, ಕೊನೆಯಲ್ಲಿ ಹಳೆಯ ವೈಟ್‌ಫೀಲ್ಡ್‌ನ ಒಂದು ಹೆಂಚಿನ ಬಂಗಲೆ. ನೋಡೋಕೆ ಚಂದ ಇತ್ತು. ಸಂಜೆಯ ಬುಲೆಟಿನ್‌ನಲ್ಲಿ ಒಂದೂವರೆ ನಿಮಿಷದ ಸುದ್ದಿ ಮಾಡಿದ್ವಿ. "ಗೋಡೆಗಳಿಗೆ ಬಂತು ಜೀವಕಳೆ" ಅಂತ ನಾನೇ ಓದಿದೆ. ಮರುದಿನ ಫೋನ್ ಬಂತು. ಆ ಕಡೆ ನಿವೃತ್ತ ಮೇಷ್ಟ್ರು. ಸಿಟ್ಟಿಲ್ಲ, ಕೂಗಾಟ ಇಲ್ಲ. "ಸಾರ್, ಗೋಡೆ ಮೇಲಿನ ಮನೆ ತೋರಿಸಿದ್ರಿ, ಸಂತೋಷ. ನೆಲದ ಮೇಲಿದ್ದ ಮನೆನ ಯಾಕೆ ತೋರಿಸಲಿಲ್ಲ?"

ಅದೇ ವಾರ, ಆ ಗೋಡೆಯಿಂದ ಹೆಚ್ಚು ದೂರ ಇಲ್ಲದ ಕಡೆ ಅಂಥದ್ದೇ ಹೆಂಚಿನ ಮನೆಯೊಂದನ್ನ ಜೆಸಿಬಿ ಉರುಳಿಸಿತ್ತು. ನಮಗೆ ಸುದ್ದಿಯೇ ಆಗಲಿಲ್ಲ.

ನಾನು ಹೋದೆ. ಹೋಗುವ ಹೊತ್ತಿಗೆ ಅಲ್ಲಿ ಬರೀ ಮಣ್ಣು, ಮುರಿದ ತೊಲೆ, ಹೆಂಚಿನ ರಾಶಿ. ಮೇಸ್ತ್ರಿಯನ್ನ ಕೇಳಿ ಒಂದು ಹೆಂಚು ಎತ್ತಿಕೊಂಡೆ. "ಒಂದ್ಯಾಕೆ ಸಾರ್, ಲೋಡ್‌ಗಟ್ಟಲೆ ತಗೊಂಡು ಹೋಗಿ" ಅಂದ. ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಉಬ್ಬಕ್ಷರದಲ್ಲಿ ಕಾರ್ಖಾನೆಯ ಗುರುತು, ಅದರ ಕೆಳಗೆ ಮಂಗಳೂರು. ಆ ಹೆಂಚು ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಮಂಗಳೂರಿನ ಹೆಂಚು ವೈಟ್‌ಫೀಲ್ಡ್‌ಗೆ ಹೇಗೆ ಬಂತು? ಎರಡು ಕಥೆ ಒಂದು ಕಡೆ ಸೇರಬೇಕು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘ ಕಟ್ಟಿದವರು ಡಿ.ಎಸ್. ವೈಟ್. ಅವರ ಹೆಸರಿನಿಂದಲೇ ವೈಟ್‌ಫೀಲ್ಡ್. ಮಣ್ಣು ಉತ್ತು ಬದುಕುವ ಒಂದು ಪುಟ್ಟ ಕಾಲೊನಿ, ದುಂಡನೆ ರಸ್ತೆ, ಅದರ ಸುತ್ತ ಬಂಗಲೆಗಳು. ಆ ಮನೆಗಳಿಗೆ ಸೂರು ಬೇಕಿತ್ತು. ಅದಕ್ಕೆ 17 ವರ್ಷ ಮೊದಲೇ, 1865ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಅಚ್ಚು, ಗೂಡು, ಬೆಂಕಿ. ಒಂದರ ಅಂಚು ಇನ್ನೊಂದರ ಕಂಠಕ್ಕೆ ಸಿಕ್ಕಿಕೊಳ್ಳುವ ಹೆಂಚು. ಗಾಳಿಗೆ ಹಾರಲ್ಲ, ಮಳೆಗೆ ಸೋರಲ್ಲ, ಹುಲ್ಲಿನ ಹಾಗೆ ಬೆಂಕಿ ಹಿಡಿಯಲ್ಲ. ನೋಡ್ತಾ ನೋಡ್ತಾ ಊರಿನವರೂ ಕಾರ್ಖಾನೆ ತೆರೆದ್ರು. ಹಳೆ ಬಂದರಿನಿಂದ ಹಡಗು ಹತ್ತಿ ಹೆಂಚು ಮುಂಬಯಿ ದಾಟಿತು, ಅರಬ್ಬೀ ಸಮುದ್ರ ದಾಟಿತು, ಆಫ್ರಿಕಾದ ಕರಾವಳಿಯ ಮನೆಗಳ ಮೇಲೂ ಕೂತಿತು.

ಆ ಹೆಂಚನ್ನ ಹಿಡಿದುಕೊಂಡೇ ನಾನು ಮಂಗಳೂರಿಗೆ ಹೋದೆ. ಬೇರೆ ಕೆಲಸ ಇರಲಿಲ್ಲ. ಬಂದರು ಪೇಟೆ ನೋಡಬೇಕಿತ್ತು.

ಈಗ ದೊಡ್ಡ ಹಡಗುಗಳೆಲ್ಲ ಪಣಂಬೂರಿಗೆ. ನವ ಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಹಳೆ ಬಂದರಿನಲ್ಲಿ ಮೀನಿನ ದೋಣಿ, ಸಾಮಾನಿನ ದೋಣಿ, ಗೋದಾಮು, ಸಾಲು ಸಾಲು ಹೆಂಚಿನ ಅಂಗಡಿ, ಒಣಮೀನಿನ ವಾಸನೆ. ಧಕ್ಕೆ ಹತ್ತಿರ ಒಬ್ಬ ಹಿರಿಯರು ಕೇಳಿದ್ರು, "ಎಂತ ನೋಡ್ಲಿಕ್ಕೆ ಬಂದದ್ದು ಮಾರಾಯ್ರೆ? ಇಲ್ಲಿ ಎಂತ ಉಂಟು?"

ಏನಿದೆ ಅಂತ ಹೇಳ್ತೀನಿ ಕೇಳಿ. 1132ರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದೇ ಊರಿನಲ್ಲಿದ್ದ. ಟುನೀಷಿಯಾದಿಂದ ಬಂದವನು. ಹತ್ತಿರ ಹತ್ತಿರ 17 ವರ್ಷ ಈ ಕರಾವಳಿಯಲ್ಲಿ ಕಳೆದ. ಇಲ್ಲಿಯ ಹೆಣ್ಣನ್ನೇ ಮದುವೆಯಾದ, ಕಂಚಿನ ಪಾತ್ರೆ ಮಾಡಿಸಿ ಏಡನ್‌ಗೆ ಕಳಿಸ್ತಿದ್ದ. ಅವನ ಬಳಿ ಕೆಲಸಕ್ಕಿದ್ದವನನ್ನ ಲೇಖಕ ಅಮಿತಾವ್ ಘೋಷ್ ಬೊಮ್ಮ ಅಂತ ಗುರುತಿಸಿದ್ರು. ಏಡನ್‌ನ ಸಾಹುಕಾರ ಬರೆದ ಕಾಗದದಲ್ಲಿ ಆ ಬೊಮ್ಮನಿಗೂ ಒಂದು ನಮಸ್ಕಾರ ಇದೆ. ಈ ಕಾಗದಗಳು ಸಿಕ್ಕಿದ್ದೆಲ್ಲಿ? ಮಂಗಳೂರಿನಲ್ಲಲ್ಲ. ಈಜಿಪ್ಟಿನ ಕೈರೋದ ಒಂದು ಯಹೂದಿ ಮಂದಿರದ ಉಗ್ರಾಣದಲ್ಲಿ. ದೇವರ ಹೆಸರು ಇರಬಹುದಾದ ಕಾಗದವನ್ನ ಹರಿದು ಬಿಸಾಡಬಾರದು ಅನ್ನೋ ಒಂದು ನಂಬಿಕೆಯಿಂದ ಅವರು ಎಲ್ಲ ಕಾಗದವನ್ನೂ ಅಲ್ಲಿ ಇಟ್ಟರು. ನಮ್ಮೂರಿನ ಒಬ್ಬ ಕೆಲಸಗಾರನ ನೆನಪು ಎಂಟು ಶತಮಾನ ದಾಟಿ ಉಳಿದದ್ದು ಬೇರೆ ಊರಿನವರು ಬಿಸಾಡಲಿಲ್ಲ ಅನ್ನೋ ಕಾರಣಕ್ಕೆ. ಎರಡು ಶತಮಾನದ ನಂತರ ಬಂದ ಇಬ್ನ್ ಬತೂತಾ ಕೂಡ ಪರ್ಷಿಯಾ, ಯೆಮೆನ್ ವ್ಯಾಪಾರಿಗಳು ಇಲ್ಲಿ ಬಂದು ಇಳಿಯುವುದನ್ನ ಬರೆದಿಟ್ಟ. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ 968ನೇ ಇಸವಿಯ ಬರಹ ಇದೆ. ಆಳುಪ ದೊರೆ ಕುಂದವರ್ಮನ ಕಾಲದ್ದು. ಬೋಳೂರಿನ ನದಿ ದಂಡೆಯಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ. ಬಾವುಟಗುಡ್ಡದ ಮೇಲೆ 1837ರಲ್ಲಿ ಅಮರ ಸುಳ್ಯದ ರೈತರು ಕಂಪನಿ ಸರ್ಕಾರವನ್ನ ಓಡಿಸಿ ತಮ್ಮ ಬಾವುಟ ಹಾರಿಸಿದ್ರು. ಹದಿಮೂರು ದಿನದ ಆಳ್ವಿಕೆ. 1857ಕ್ಕೆ ಇಪ್ಪತ್ತು ವರ್ಷ ಮೊದಲು!

ಇನ್ನೊಂದು ಇದೆ, ಅದು ನನ್ನ ಅನ್ನದ ಋಣ. 1843ರ ಜುಲೈ 1. 'ಮಂಗಳೂರ ಸಮಾಚಾರ'. ಕನ್ನಡದ ಮೊದಲ ಪತ್ರಿಕೆ. ಸಂಪಾದಕರು ಹರ್ಮನ್ ಮೋಗ್ಲಿಂಗ್. ಅದು ಅಚ್ಚಾದದ್ದು ಯಾವುದರ ಮೇಲೆ ಗೊತ್ತಾ? ಕಲ್ಲಿನ ಮೇಲೆ! ಕಲ್ಲಚ್ಚು. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯೋದು, ಕಲ್ಲಿಗೆ ನೀರು ಒರೆಸೋದು, ಮಸಿ ಹಚ್ಚೋದು. ನೀರಿದ್ದ ಕಡೆ ಮಸಿ ಹಿಡಿಯಲ್ಲ, ಜಿಡ್ಡಿದ್ದ ಕಡೆ ಹಿಡಿಯುತ್ತೆ. ಕಾಗದ ಒತ್ತಿದ್ರೆ ಸುದ್ದಿ. ಪಟ್ಟಂದೂರಿನಲ್ಲಿ 1043ರ ಸುದ್ದಿಯೂ ಕಲ್ಲಿನ ಮೇಲೆ, ಮಂಗಳೂರಿನಲ್ಲಿ 1843ರ ಸುದ್ದಿಯೂ ಕಲ್ಲಿನ ಮೇಲೆ. ನಡುವೆ ಬರೋಬ್ಬರಿ 800 ವರ್ಷ. ಆ ಕಲ್ಲಿನ ಸಂತಾನದಲ್ಲಿ ಹುಟ್ಟಿದವನು ನಾನು, ನನ್ನ ಸುದ್ದಿಯ ಆಯಸ್ಸು ಮಾತ್ರ ಮುಂದಿನ ಬ್ರೇಕ್ ತನಕ.

ಮಂಗಳೂರಿನಲ್ಲೂ ಈಗ ಗೋಡೆಗಳ ಮೇಲೆ ಚಿತ್ರ ಇದೆ. ಹುಲಿವೇಷ, ಕಂಬಳದ ಕೋಣ, ಯಕ್ಷಗಾನ. ಸ್ವಚ್ಛತೆಯ ಅಭಿಯಾನ ನಡೆದಾಗ ಕಸ ಸುರಿಯುತ್ತಿದ್ದ ಕಡೆ ಗುಡಿಸಿ ಬಣ್ಣ ಬಳಿದ್ರು. ಕಸ ಹಾಕೋಕೆ ಬಂದವನ ಕೈ ಒಂದು ಕ್ಷಣ ತಡೆಯುತ್ತೆ. ಅಷ್ಟರ ಮಟ್ಟಿಗೆ ಅದು ಒಳ್ಳೆ ಕೆಲಸವೇ. ಬೆಂಗಳೂರಿನಲ್ಲಿ 2009ರ ಸುಮಾರಿಗೆ ಪಾಲಿಕೆ ಗೋಡೆಗಳಿಗೆ ಚಿತ್ರ ಬರೆಸಿದಾಗ ಕುಂಚ ಹಿಡಿದವರು ಯಾರು? ಸಿನಿಮಾ ಬ್ಯಾನರ್, ಕಟೌಟ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತ್ತು. ಗೋಡೆ ಅವರಿಗೆ ಕೆಲಸ ಕೊಟ್ಟಿತು. ಹಾಗಾಗಿ ಗೋಡೆ ಚಿತ್ರ ಬೇಡ ಅಂತ ನಾನು ಹೇಳಲ್ಲ, ಹೇಳಬಾರದು.

ಆದ್ರೆ ಗೋಡೆಗೆ ಬಣ್ಣ ಬಳಿಯೋದು ಬೇರೆ, ಗೋಡೆ ಉಳಿಸೋದು ಬೇರೆ. ಈ ವ್ಯತ್ಯಾಸ ಕಣ್ಣಾರೆ ನೋಡಬೇಕಾದ್ರೆ ಅದೇ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. 1899ರಿಂದ ಸುಮಾರು ಎರಡು ವರ್ಷ ಇಟಲಿಯ ಬ್ರದರ್ ಅಂತೋನಿಯೋ ಮೊಸ್ಕೆನಿ ಆ ಗೋಡೆ, ಆ ಚಾವಣಿ ತುಂಬ ಬರೆದ್ರು. ಕೆಲವು ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ, ಉಳಿದದ್ದು ಫ್ರೆಸ್ಕೋ. ಫ್ರೆಸ್ಕೋ ಅಂದ್ರೆ ಹಸಿ ಸುಣ್ಣದ ಗಾರೆ ಒಣಗುವ ಮುಂಚೆ ಅದರ ಮೇಲೆ ಬಣ್ಣ ಹಾಕೋದು. ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುವಾಗ ಬಣ್ಣವನ್ನ ತನ್ನೊಳಗೆ ಹಿಡಿದುಕೊಳ್ಳುತ್ತೆ. ಚಿತ್ರ ಗೋಡೆಯ ಮೇಲಿರಲ್ಲ, ಗೋಡೆಯೇ ಚಿತ್ರವಾಗಿರುತ್ತೆ. ಹಾಗಿದ್ರೂ ಮಂಗಳೂರಿನ ಮಳೆ, ತೇವ ಬಿಡಲಿಲ್ಲ. 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಬಂದು ವರ್ಷಗಟ್ಟಲೆ ಕೂತು ಅವನ್ನ ಉಳಿಸಿಕೊಟ್ಟರು. ನಮ್ಮ ಕಾಂಪೌಂಡ್ ಗೋಡೆಯ ಎಮಲ್ಷನ್ ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ. ಅಲ್ಲಿ ಗೋಡೆ ಸೋರದಂತೆ ನೋಡಿಕೊಂಡ ಮೇಲಷ್ಟೇ ಚಿತ್ರದ ಮಾತು.

ಹೊರಗಿನ ಉದಾಹರಣೆ ಬೇಕಾ? ಮಲೇಷ್ಯಾದ ಪೆನಾಂಗ್. ಅದರ ಜಾರ್ಜ್ ಟೌನ್ ಕೂಡ ಹಳೆ ಬಂದರು ಪೇಟೆ, ಹೆಂಚಿನ ಸೂರಿನ ಅಂಗಡಿಮನೆಗಳ ಸಾಲು. ಇವತ್ತು ಪ್ರಪಂಚದ ಪ್ರವಾಸಿಗಳು ಅಲ್ಲಿ ಗೋಡೆ ಚಿತ್ರದ ಮುಂದೆ ಸೆಲ್ಫಿಗೆ ಸಾಲು ನಿಲ್ತಾರೆ. ಲಿಥುವೇನಿಯಾದ ಎರ್ನೆಸ್ಟ್ ಜಖಾರೆವಿಚ್ 2012ರಲ್ಲಿ ಬರೆದ ಚಿತ್ರ. ಗೋಡೆಗೆ ಆನಿಸಿದ ನಿಜವಾದ ಸೈಕಲ್, ಅದರ ಮೇಲೆ ಬಣ್ಣದ ಇಬ್ಬರು ಮಕ್ಕಳು. ಎಲ್ಲರೂ 2012 ನೋಡ್ತಾರೆ, 2008 ನೋಡಲ್ಲ. 2008ರಲ್ಲಿ ಆ ಪೇಟೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಟ್ಟಡ ಕೆಡವೋದಕ್ಕೆ ಲಗಾಮು ಬಿತ್ತು. ಮೊದಲು ಗೋಡೆಗೆ ರಕ್ಷಣೆ, ಆಮೇಲೆ ಗೋಡೆಗೆ ಬಣ್ಣ. ಹಾಗಂತ ಅಲ್ಲೂ ಎಲ್ಲ ಸರಿ ಇಲ್ಲ. ಹಳೆ ಬಾಡಿಗೆ ಕಾನೂನು 2000ದಲ್ಲೇ ಹೋಗಿತ್ತು, ಆಮೇಲೆ ಪ್ರವಾಸಿಗಳು ಬಂದ್ರು, ಬಾಡಿಗೆ ಏರಿತು, ತಲೆಮಾರುಗಳಿಂದ ಇದ್ದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಮನೆ ಉಳಿದು ಮನೆಯವರು ಹೋದರೆ ಅದೂ ಅರ್ಧ ಪರಂಪರೆಯೇ.

ನಮ್ಮಲ್ಲಿ ಏನಾಗ್ತಿದೆ? ಕ್ರಮ ಉಲ್ಟಾ. ಮೊದಲು ಮನೆ ಕೆಡವ್ತೀವಿ, ಆಮೇಲೆ ಕಾಂಪೌಂಡ್ ಮೇಲೆ ಆ ಮನೆಯ ಚಿತ್ರ ಬರೀತೀವಿ. ಮೊದಲು ಕೆರೆ ಮುಚ್ತೀವಿ, ಆಮೇಲೆ ಗೋಡೆ ಮೇಲೆ ಕೊಕ್ಕರೆ ಬಿಡಿಸ್ತೀವಿ. ಇದು ತಿಥಿಯ ಫೋಟೋಗೆ ಹಾರ ಹಾಕಿದ ಹಾಗೆ.

ಬೀದಿಯ ಕಲೆಗೆ ಬೇರೆ ಶಕ್ತಿಯೂ ಇದೆ, ಅದನ್ನೂ ಹೇಳಬೇಕು. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಬಣ್ಣ ಹಾಕಿ ಕೆರೆ ಮಾಡಿದ್ರು, ಅದರಲ್ಲಿ ಮೊಸಳೆ ಬಿಟ್ಟರು. ಅದು ದೇಶಾದ್ಯಂತ ಸುದ್ದಿಯಾಯ್ತು, ಗುಂಡಿ ಮುಚ್ಚಿದ್ರು. 2019ರಲ್ಲಿ ಚಂದ್ರಯಾನ-2 ಇಳಿಯುವ ಹೊತ್ತಿಗೆ ಗುಂಡಿ ರಸ್ತೆಯಲ್ಲೇ ಗಗನಯಾತ್ರಿಯ ನಡಿಗೆ ತೋರಿಸಿದ್ರು. ಅವರ ಚಿತ್ರ ಕೊಳಕನ್ನ ಮುಚ್ಚಲಿಲ್ಲ, ಬೊಟ್ಟು ಮಾಡಿ ತೋರಿಸಿತು. ಕೆಲಸ ಆದ ಮೇಲೆ ಚಿತ್ರವೇ ಇಲ್ಲವಾಯ್ತು. ಚಿತ್ರ ಉಳಿಯಲಿ ಅನ್ನೋ ಆಸೆ ಅದಕ್ಕಿರಲಿಲ್ಲ, ಊರು ಉಳಿಯಲಿ ಅನ್ನೋ ಆಸೆ ಇತ್ತು. ಇತಿಹಾಸಕ್ಕೂ ನಮಗೆ ಅಂಥ ಚಿತ್ರ ಬೇಕು.

ಮತ್ತೆ ಪಟ್ಟಂದೂರು ಅಗ್ರಹಾರಕ್ಕೆ ಬರ್ತೀನಿ. ಮೊದಲು ಹೇಳಿದ ಆ ಬೆಳಿಗ್ಗೆ ನಾನು ಊರೊಳಗೆ ನಡೆದೆ. ಐಟಿಪಿಎಲ್‌ನ ಗಾಜಿನ ಗೋಪುರಗಳ ಬೆನ್ನಿಗೇ ಇನ್ನೂ ಊರು ಇದೆ. ಗುಡಿ, ಕಟ್ಟೆ, ಪಿಜಿಗಳ ಮಧ್ಯೆ ಸಿಕ್ಕಿಬಿದ್ದ ಹಳೆ ಮನೆ. ಬಾಗಿಲಲ್ಲಿ ಕೂತಿದ್ದ ಅಜ್ಜಿಯನ್ನ ಕೇಳಿದೆ, "ಕೆರೆ ಎಲ್ಲಿ ಅಜ್ಜಿ?" "ಯಾವ ಕಡೆಯಿಂದ ಹೇಳ್ಲಪ್ಪ? ನಾನು ಮದುವೆಯಾಗಿ ಬಂದಾಗ ಈ ಕಡೆಯೆಲ್ಲ ನೀರೇ. ಗದ್ದೆಗೆ ತೂಬು ತೆಗೆಯೋರು. ಈಗ ಎಲ್ಲಿ ತೂಬು, ಎಲ್ಲಿ ಗದ್ದೆ" ಅಂದ್ರು. ತೂಬು! 1043ರ ಕಲ್ಲಿನ ಮೇಲೆ ಇರೋ ಮಾತು ಆ ಅಜ್ಜಿಯ ಬಾಯಲ್ಲಿ ಬಂತು. ಅವರಿಗೆ ಶಾಸನ ಗೊತ್ತಿಲ್ಲ, ಚೋಳರು ಗೊತ್ತಿಲ್ಲ. ಕೆರೆ ಗೊತ್ತು.

ಕೆಲವು ವರ್ಷಗಳ ಹಿಂದೆ ಕೆರೆ ಉಳಿಸಿ ಅಂತ ಇಲ್ಲಿನ ಜನ ಬೀದಿಗಿಳಿದಿದ್ರು. ಊರಿನವರ ಜೊತೆ ಅಪಾರ್ಟ್‌ಮೆಂಟಿನವರೂ ನಿಂತರು. ಎಲ್ಲಿಂದಲೋ ಬಂದು ನೆಲೆಸಿದವರು, ರಾಜರಾಜ ವೇಳಾನ್ ಹೆಸರೂ ಕೇಳದವರು, ಅವನ ಕೆರೆಗೋಸ್ಕರ ಬಿಸಿಲಲ್ಲಿ ನಿಂತರು. ನನ್ನ ಮಟ್ಟಿಗೆ ಪರಂಪರೆ ಉಳಿಸೋದು ಅಂದ್ರೆ ಅದು.

ಕಾನೂನು ಇಲ್ವಾ? ಇದೆ. 1958ರ ಕೇಂದ್ರ ಕಾಯ್ದೆ ಇದೆ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ. 1961ರ ರಾಜ್ಯ ಕಾಯ್ದೆ ಇದೆ. ಸಂವಿಧಾನದ 51ಎ ವಿಧಿ ಪರಂಪರೆ ಕಾಪಾಡೋದು ಪ್ರತಿ ನಾಗರಿಕನ ಕರ್ತವ್ಯ ಅನ್ನುತ್ತೆ. ಆದ್ರೆ ಕಾಯ್ದೆ ಕಾಯೋದು ಪಟ್ಟಿಯಲ್ಲಿರುವುದನ್ನ ಮಾತ್ರ. ಪಟ್ಟಿಗೆ ಸೇರದ ಕಲ್ಲು, ಹೆಂಚಿನ ಮನೆ, ತೂಬು, ಇವನ್ನ ಕಾಯೋದು ಊರಿನ ಜನ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಪ್ರಕಟಿಸಿದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ರಸ್ತೆಗೆ ಹೋದವು, ಪಾಯಕ್ಕೆ ಹೋದವು. ಹೆಬ್ಬಾಳದಲ್ಲಿ ಮಾತ್ರ 2018ರಲ್ಲಿ ಒಳಚರಂಡಿ ಅಗೆಯುವಾಗ ಸಿಕ್ಕಿದ ಕಿತ್ತಯ್ಯನ ವೀರಗಲ್ಲನ್ನ, ಸುಮಾರು 1,270 ವರ್ಷ ಹಳೆಯದು, ಜನರೇ ನಿಂತು ಉಳಿಸಿಕೊಂಡು ಮಂಟಪ ಕಟ್ಟಿದ್ರು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ ಒಂದೊಂದಾಗಿ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಿದ್ದಾರೆ. ಕಲ್ಲು ಕಳೆದರೂ ಅಕ್ಷರ ಕಳೆಯಬಾರದು ಅಂತ.

ನನ್ನ ಬೇಡಿಕೆ ಚಿಕ್ಕದು. ಆ ಮೆಟ್ರೋ ನಿಲ್ದಾಣದಲ್ಲಿ ಗೋಡೆ ಇದೆ, ಕಂಬ ಇದೆ. ಬಣ್ಣ ಬಳಿಯುವವರು ಇದ್ದಾರೆ, ದುಡ್ಡು ಕೊಡುವ ಕಂಪನಿಗಳು ಕಣ್ಣೆದುರಿಗೇ ಇವೆ. ಅಲ್ಲಿ ಹಂಪಿಯ ರಥ ಬೇಡ, ಅದು ಹಂಪಿಯಲ್ಲಿದೆ. ಪಟ್ಟಂದೂರಿನ ಕೆರೆ ಬರೆಯಿರಿ, ತೂಬು ಬರೆಯಿರಿ, ಪೆರ್ಮಾಡಿ ಗಾವುಂಡನ ಮಗನ ಹೆಸರು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಅದರ ಕೆಳಗೆ ಒಂದು ಬಾಣದ ಗುರುತು ಹಾಕಿ. ಕೆರೆ ಈ ಕಡೆ, ನಡೆದು ಹೋಗಿ ನೋಡಿ. ಆ ಬಾಣ ಸುಳ್ಳಾಗಬಾರದು ಅಂದ್ರೆ ಕೆರೆ ಅಲ್ಲಿ ಇರಲೇಬೇಕು. ಅಂಥ ಚಿತ್ರ ಬರೆಸಿ, ಸುದ್ದಿ ನಾನೇ ಓದ್ತೀನಿ.

ಆ ಮೇಷ್ಟ್ರಿಗೆ ಅಂದು ನಾನು ಉತ್ತರ ಕೊಟ್ಟಿರಲಿಲ್ಲ. "ನೋಡೋಣ ಸಾರ್" ಅಂತ ಫೋನಿಟ್ಟಿದ್ದೆ. ಇದು ಆ ಉತ್ತರ, ತಡವಾಗಿದೆ. ಹೆಂಚು ನನ್ನ ಮೇಜಿನ ಮೇಲಿದೆ ಮೇಷ್ಟ್ರೇ. ಅದರ ಮನೆಯನ್ನ ನಾನು ತೋರಿಸಲಿಲ್ಲ. ಮುಂದಿನ ಮನೆ ಬೀಳುವ ಮುಂಚೆ ಫೋನ್ ಮಾಡಿ, ಕ್ಯಾಮೆರಾ ತಗೊಂಡು ಬರ್ತೀನಿ.